ಮೆಸ್ಕಾಲ್ ಜೊತೆ ಏನು ತಿನ್ನಬೇಕು: ವಹಾಕಾದಲ್ಲಿ ಕುಡಿದು ನೋಡಿದ್ದು

ಮೆಕ್ಸಿಕೋದ ವಹಾಕಾಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೆಸ್ಕಾಲ್ ಅನ್ನುವ ಅಲ್ಲಿನ ಭಟ್ಟಿ ಸಾರಾಯಿ ಜೊತೆ ಕೆಂಡದಲ್ಲಿ ಸುಟ್ಟ ಮಾಂಸ ಬೇಡ. ಅಲ್ಲಿ ಎಷ್ಟೋ ಜನ ಹಾಗೇ ತಿನ್ನುತ್ತಾರೆ, ನಿಜ. ನನಗೆ ಮಾತ್ರ ಸರಿಬರಲಿಲ್ಲ. ಕುಡಿಯುವುದರಲ್ಲೇ ಬೇಕಾದಷ್ಟು ಹೊಗೆ ಇರುವಾಗ ತಟ್ಟೆಯಲ್ಲೂ ಹೊಗೆ ಯಾಕೆ?

ನಾನು ಕೊಡಗಿನವಳು. ಹಂದಿ ಮಾಂಸಕ್ಕಾಗಲಿ ಪೆಗ್ಗಿಗಾಗಲಿ ನಮ್ಮಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ. ನಮ್ಮ ಮನೆಯವರು ಮೈಸೂರಿನವರು. ಕುಡಿಯುತ್ತಾರೆ, ಆದರೆ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಮಾಂಸ ತಿನ್ನುವವರಿಗೂ ಬಿಟ್ಟವರಿಗೂ ಈ ಬರಹದಲ್ಲಿ ಏನಾದರೂ ಸಿಗುತ್ತದೆ.

ವಹಾಕಾ ನಗರದ ಬೀದಿಬೀದಿಗೂ ಮೆಸ್ಕಾಲ್ ಅಂಗಡಿ. ನಾವು ಮೊದಲು ಹೊಕ್ಕ ಒಂದರಲ್ಲಿ ಪುಟ್ಟ ಲೋಟಗಳನ್ನು ಸಾಲಾಗಿಟ್ಟು ಕಾಲು ಗಂಟೆಯಲ್ಲಿ ಮುಗಿಸಿ ಎಬ್ಬಿಸಿದರು. ಅಂಥ ಕಡೆ ಹೋಗಿ ದುಡ್ಡು ಕಳೆಯಬೇಡಿ. ಸುಮಾರು 50 ಕಿಲೋಮೀಟರ್ ದೂರದಲ್ಲಿ ಸಾಂಟಿಯಾಗೊ ಮತತ್ಲಾನ್ ಅಂತ ಒಂದು ಊರಿದೆ. ತಾನೇ ಜಗತ್ತಿನ ಮೆಸ್ಕಾಲ್ ರಾಜಧಾನಿ ಅಂತ ಹೇಳಿಕೊಳ್ಳುವ ಊರು. ಅಲ್ಲಿ ಮನೆಮಂದಿಯೇ ಸೇರಿ ನಡೆಸುವ ಸಣ್ಣ ಭಟ್ಟಿಗಳಿವೆ, ಅವಕ್ಕೆ ಪಲೆಂಕೆ ಅನ್ನುತ್ತಾರೆ. ಅಲ್ಲಿಗೆ ಹೋಗಿ.

ನಮ್ಮೂರ ಕಡೆ ಬೇಲಿಗೆ, ಬದುವಿಗೆ ನೆಡುವ ಕತ್ತಾಳೆ ಇದೆಯಲ್ಲ, ಅದರದೇ ಜಾತಿಯ ಗಿಡದಿಂದ ಮೆಸ್ಕಾಲ್ ಆಗುವುದು. ಜಾಸ್ತಿ ಬಳಸುವುದು ಎಸ್ಪದೀನ್ ಎಂಬ ಬಗೆ. ಬಲಿಯಲು ಆರೇಳು ವರ್ಷ ಬೇಕು. ಎಲೆಯನ್ನೆಲ್ಲ ಸವರಿ ಬುಡದ ದಪ್ಪ ಗಡ್ಡೆಯನ್ನು ತೆಗೆಯುತ್ತಾರೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಸೌದೆ ಉರಿಸಿ ಕಲ್ಲು ಕಾಯಿಸಿ, ಗಡ್ಡೆ ಪೇರಿಸಿ, ಮೇಲೆ ಮಣ್ಣು ಮುಚ್ಚಿ ಮೂರರಿಂದ ಐದು ದಿನ ಬಿಡುತ್ತಾರೆ. ಹೊಗೆ ಹಿಡಿಯುವುದು ಇಲ್ಲೇ. ಟಕೀಲಾಗೆ ಸಾಮಾನ್ಯವಾಗಿ ಗಡ್ಡೆಯನ್ನು ಹಬೆಯಲ್ಲಿ ಬೇಯಿಸುತ್ತಾರೆ, ಹಾಗಾಗಿ ಅದಕ್ಕೆ ಈ ವಾಸನೆ ಇರುವುದಿಲ್ಲ. ಬೆಂದ ಗಡ್ಡೆಯ ಒಂದು ಚೂರನ್ನು ನಮಗೂ ಕೊಟ್ಟರು. ಸುಟ್ಟ ಗೆಣಸನ್ನು ಜೋನಿ ಬೆಲ್ಲದಲ್ಲಿ ಅದ್ದಿದ ಹಾಗಿತ್ತು. ಅಗಿದು ನಾರು ಉಗುಳಬೇಕು.

ಆಮೇಲೆ ಕುದುರೆ ಎಳೆಯುವ ಕಲ್ಲಿನ ಗಾಲಿಯ ಕೆಳಗೆ ಜಜ್ಜಿ, ಮರದ ತೊಟ್ಟಿಯಲ್ಲಿ ಹುಳಿ ಬರಿಸಿ, ತಾಮ್ರದ ಹಂಡೆಯಲ್ಲಿ ಎರಡು ಸಲ ಭಟ್ಟಿ ಇಳಿಸುತ್ತಾರೆ. ಅಲ್ಲಿನ ಯಜಮಾನರು ಒಂದು ಟೊಳ್ಳು ಕಡ್ಡಿಯಲ್ಲಿ ಮೆಸ್ಕಾಲ್ ಹೀರಿ, ಸೋರೆ ಬುರುಡೆಯಂಥ ಬಟ್ಟಲಿಗೆ ಬಿಟ್ಟು ತೋರಿಸಿದರು. ಮೇಲೆ ಮುತ್ತಿನಂಥ ಗುಳ್ಳೆ ಎದ್ದು ಒಂದಿಷ್ಟು ಹೊತ್ತು ನಿಂತರೆ ಕಡಕ್ ಸರಿಯಾಗಿದೆ ಅಂತ ಲೆಕ್ಕ. ಮೀಟರ್ ಕೂಡ ಇಟ್ಟುಕೊಂಡಿದ್ದರು, ಆದರೆ ನಂಬಿಕೆ ಗುಳ್ಳೆಯ ಮೇಲೆಯೇ.

ಎಸ್ಪದೀನ್ ನೇರವಾದ ರುಚಿ. ಮೊದಲು ಹೊಗೆ, ಹಿಂದೆಯೇ ಸಿಹಿ, ಕೊನೆಗೆ ಸ್ವಲ್ಪ ಮೆಣಸಿನ ಖಾರ. ಶೇಕಡಾ 48 ಆಲ್ಕೋಹಾಲ್ ಇದ್ದರೂ ಗಂಟಲು ಸುಡಲಿಲ್ಲ. ತೊಬಲಾ ಬೇರೆಯೇ ಲೋಕ. ಬೆಟ್ಟದ ಕಲ್ಲು ನೆಲದಲ್ಲಿ ಬೆಳೆಯುವ ಕುಳ್ಳ ಗಿಡ ಅದು. ಬುಡದಲ್ಲಿ ಮರಿ ಒಡೆಯುವುದಿಲ್ಲ, ಬೀಜದಿಂದಲೇ ಹುಟ್ಟಬೇಕು, ಬಲಿಯಲು ಹತ್ತು ವರ್ಷ ದಾಟಬೇಕು. ಹಾಗಾಗಿ ಬೆಲೆಯೂ ಹಾಗೇ. ಇದರಲ್ಲಿ ಹೊಗೆ ಹಿಂದೆ ಸರಿದು ಹೂವಿನ ಘಮ, ಮಾಗಿದ ಹಣ್ಣಿನ ಘಮ ಮುಂದೆ ಬರುತ್ತದೆ. ಇದರ ಜೊತೆ ಊಟವೇ ಬೇಡ. ಸುಮ್ನೆ ಗುಟುಕು ಗುಟುಕಾಗಿ ಕುಡಿಯಿರಿ. ಮೂರನೆಯದು ಪೆಚುಗಾ. ಹಣ್ಣು, ಮಸಾಲೆ ಹಾಕಿ ಮೂರನೇ ಸಲ ಭಟ್ಟಿ ಇಳಿಸುವಾಗ ಹಂಡೆಯೊಳಗೆ ಹಸಿ ಕೋಳಿಯ ಎದೆ ಮಾಂಸ ತೂಗುಹಾಕುತ್ತಾರೆ. ಮದುವೆ, ಹಬ್ಬಕ್ಕೆ ಮಾಡುವ ಸರಕು. ಮನೆಯವರು ಲೋಟವನ್ನು ನನ್ನ ಕಡೆ ತಳ್ಳಿ, "ಇದು ನಿಂದೇ" ಅಂದರು. ನುಣುಪಾಗಿದೆ, ಆದರೆ ಕೇಳುವ ಬೆಲೆಗೆ ನಾನು ಕೊಳ್ಳುವುದಿಲ್ಲ.

ಈಗ ತಿನ್ನುವ ವಿಷಯ. ನಗರದ 20 ದೆ ನೊವಿಯೆಂಬ್ರೆ ಮಾರುಕಟ್ಟೆಯಲ್ಲಿ ಮಾಂಸ ಸುಡುವ ಒಂದು ಓಣಿಯೇ ಇದೆ. ಎರಡೂ ಕಡೆ ಕೆಂಡ, ಕಣ್ಣಲ್ಲಿ ನೀರು. ನಾವು ಆರಿಸಿದ ಮಾಂಸವನ್ನು ಅಲ್ಲೇ ಸುಟ್ಟು ಕೊಡುತ್ತಾರೆ. ಖಾರ ಹಚ್ಚಿದ ತೆಳು ಹಂದಿ ಮಾಂಸ ಸೆಸೀನಾ ಬಹಳ ಚೆನ್ನಾಗಿತ್ತು. ಆದರೆ ಅದರ ಮೇಲೆ ಎಸ್ಪದೀನ್ ಕುಡಿದರೆ ನಾಲಿಗೆಗೆ ಬೂದಿ ಬಿಟ್ಟು ಬೇರೇನೂ ತಿಳಿಯಲಿಲ್ಲ. ಅದಕ್ಕೆ ತಣ್ಣನೆಯ ಬಿಯರೇ ಸರಿ.

ನನ್ನ ಪ್ರಕಾರ ಮೆಸ್ಕಾಲ್‌ಗೆ ಬೇಕಾದ್ದು ಹುಳಿ, ಇಲ್ಲವೇ ಜಿಡ್ಡು. ಬೆಳ್ಳುಳ್ಳಿ, ನಿಂಬೆರಸ, ಉಪ್ಪು ಹಾಕಿ ಹುರಿದ ಮಿಡತೆ, ಅಂದರೆ ಚಪುಲಿನೆಸ್, ಇದಕ್ಕೆ ಹೇಳಿ ಮಾಡಿಸಿದ್ದು. ಕುರುಕುರು, ಹುಳಿಹುಳಿ. ಒಂದು ಗುಟುಕಿಗೆ ಎರಡು ಮಿಡತೆ. ಮುಖ ಕಿವುಚಬೇಡಿ, ಸೀಗಡಿ ತಿನ್ನುವವರು ಇದನ್ನೂ ತಿನ್ನಬಹುದು. ಕಿತ್ತಳೆ ಹೋಳಿನ ಮೇಲೆ ಉದುರಿಸುವ ಕೆಂಪು ಉಪ್ಪೂ ಒಳ್ಳೆಯದೇ. ಆದರೆ ಸಸ್ಯಾಹಾರಿಗಳು ಹುಷಾರು, ಅದರಲ್ಲಿ ಕತ್ತಾಳೆ ಗಿಡದ ಹುಳವನ್ನು ಒಣಗಿಸಿ ಪುಡಿಮಾಡಿ ಬೆರೆಸಿರುತ್ತಾರೆ. ನಾನು ಹೇಳಿದ ಮೇಲೆ ಮನೆಯವರು ಬರೀ ಕಿತ್ತಳೆ ತಿಂದರು.

ಅವರಿಗೆ ಸಿಕ್ಕ ಒಳ್ಳೆಯ ಜೋಡಿ ಕುಂಬಳ ಹೂವು, ಕೆಸಿಯೋ ಚೀಸ್ ತುಂಬಿ ಹೆಂಚಿನ ಮೇಲೆ ಬೇಯಿಸುವ ಎಂಪನಾಡ. ಕೆಸಿಯೋ ಎಳೆಎಳೆಯಾಗಿ ಬಿಡಿಸಿಕೊಳ್ಳುವ ಚೀಸ್. ಅದರ ಜಿಡ್ಡು ಬಾಯಿಗೆ ಮೆತ್ತಿದಾಗ ಮೆಸ್ಕಾಲ್ ಕುಡಿದರೆ ಹೊಗೆ ತಗ್ಗಿ ಸಿಹಿ ಮೇಲೇಳುತ್ತದೆ. ದೊಡ್ಡ ಮೆಕ್ಕೆಜೋಳದ ರೊಟ್ಟಿ ತ್ಲಾಯುದಾ ಕೂಡ ನಡೆಯುತ್ತದೆ, ಆದರೆ ಅದಕ್ಕೆ ಹಂದಿ ಕೊಬ್ಬು ಸವರುತ್ತಾರೆ. "ಸಿನ್ ಅಸಿಯೆಂತೊ", ಅಂದರೆ ಕೊಬ್ಬು ಬೇಡ, ಅಂತ ಮೊದಲೇ ಹೇಳಿ.

ಬಾಟಲಿ ಕೊಳ್ಳುವಾಗ ಲೇಬಲ್‌ನಲ್ಲಿ ಆರ್ತೆಸನಾಲ್ ಅಥವಾ ಅನ್ಸೆಸ್ತ್ರಾಲ್ ಅಂತ ಇದೆಯಾ ನೋಡಿ. ಹಳೆಯ ರೀತಿಯಲ್ಲಿ ಮಾಡಿದ್ದು ಅಂತ ಅದರಿಂದ ಗೊತ್ತಾಗುತ್ತದೆ. ಅನ್ಸೆಸ್ತ್ರಾಲ್ ಆದರೆ ಭಟ್ಟಿಗೆ ಮಣ್ಣಿನ ಮಡಕೆಯೇ ಆಗಬೇಕು. ಬಾಟಲಿಯೊಳಗೆ ಹುಳ ತೇಲುತ್ತಿದ್ದರೆ ನಾನಂತೂ ಮುಂದೆ ಹೋಗುತ್ತೇನೆ.

ನಾವು ಅಮೆರಿಕದ ಆಸ್ಟಿನ್‌ನ ಮನೆಗೆ ತಂದದ್ದು ಒಂದು ಎಸ್ಪದೀನ್, ಒಂದು ತೊಬಲಾ. ಎಸ್ಪದೀನ್ ಅನ್ನು ಪಂದಿ ಕರಿ, ಕಡಂಬುಟ್ಟಿನ ಜೊತೆ ಕುಡಿದು ನೋಡಿದೆ. ಕಾಚಂಪುಳಿಯ ಹುಳಿ, ಹಂದಿಯ ಕೊಬ್ಬು, ಕಾಳುಮೆಣಸು ಎಲ್ಲ ಸೇರಿ ವಹಾಕಾದಲ್ಲಿ ತಿಂದ ಎಲ್ಲಕ್ಕಿಂತ ಚೆನ್ನಾಗಿ ಹೊಂದಿತು. ಮನೆಯವರು ನಿಂಬೆ ಉಪ್ಪಿನಕಾಯಿ ನೆಕ್ಕಿಕೊಂಡು ಕುಡಿಯುತ್ತಾರೆ. ಅದೂ ಪರವಾಗಿಲ್ಲ. ತೊಬಲಾ ಬಾಟಲಿ ಮಾತ್ರ ಅವರ ಕೈಗೆ ಸಿಗದ ಹಾಗೆ ಇಟ್ಟಿದ್ದೇನೆ.