ಸಿಂಗಾಪುರದಿಂದ ನ್ಯೂಯಾರ್ಕ್: ನೇರವಾಗಿ ಹೋಗೋದಾ, ಫ್ರಾಂಕ್‌ಫರ್ಟ್ ಮೇಲಾ?

ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ನೇರ ದೂರ ಸುಮಾರು 15,350 ಕಿ.ಮೀ. ಸಿಂಗಾಪುರ್ ಏರ್‌ಲೈನ್ಸ್‌ನ ಎ350 ವಿಮಾನ ಸುಮಾರು 18ರಿಂದ 19 ಗಂಟೆಯಲ್ಲಿ ತಲುಪಿಸುತ್ತದೆ. ಗಾಳಿ ಬೆನ್ನಿಗಿದ್ದರೆ ಬೇಗ, ಎದುರಾದರೆ ತಡ. ಅದಕ್ಕೇ ದಾರಿ ದಿನದಿನಕ್ಕೆ ಬದಲಾಗುತ್ತದೆ. ಒಂದೇ ಕುರ್ಚಿಯಲ್ಲಿ ಅಷ್ಟು ಹೊತ್ತು ಕೂರೋದು ಸುಮ್ನೆ ಅಲ್ಲ, ಮೊಣಕಾಲು ಮಾತಾಡುತ್ತದೆ! 2018ರಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂವಾರ್ಕ್‌ಗೆ ಶುರುವಾದ ದೂರಗಾಮಿ ಎ350 ಮಾದರಿಯಲ್ಲಂತೂ ಸಾಮಾನ್ಯ ಎಕಾನಮಿ ಸೀಟೇ ಇರಲಿಲ್ಲ: 67 ಬಿಸಿನೆಸ್, 94 ಪ್ರೀಮಿಯಂ ಎಕಾನಮಿ.

ಫ್ರಾಂಕ್‌ಫರ್ಟ್ ಮೇಲೆ ಹೋದರೆ ದೂರ ಸುಮಾರು ಸಾವಿರ ಕಿ.ಮೀ. ಜಾಸ್ತಿ. ಒಟ್ಟು ಒಂದು ದಿನಕ್ಕೆ ಸ್ವಲ್ಪ ಕಮ್ಮಿ ಸಮಯ. ನಡುವೆ ಇಳಿದು ಕಾಲು ಚಾಚಬಹುದು, ಆದರೆ ಸರಿಯಾಗಿ ನಿದ್ದೆ ಹತ್ತುವ ಹೊತ್ತಿಗೆ ಏಳಿಸುತ್ತಾರೆ. ವಯಸ್ಸಾದವರು, ಬೆನ್ನುನೋವಿನವರಿಗೆ ಇದೇ ವಾಸಿ. ಒಬ್ಬರೇ, ಒಂದು ಸೂಟ್‌ಕೇಸ್ ಅಂದ್ರೆ ನೇರ ವಿಮಾನ ಹಿಡಿಯಿರಿ. ಸೀಟು ಮಾತ್ರ ನಡುದಾರಿಯ ಪಕ್ಕದ್ದೇ ಕೇಳಿ.