ಪಿಎಫ್, ಇಎಸ್‌ಐ, ಕಂಪನಿ ಇನ್ಶೂರೆನ್ಸ್: 2012ರಿಂದ ಬಳಸಿದ ಮೇಲೆ ನನ್ನ ಅಭಿಪ್ರಾಯ

ನಾನು ಶಿವಮೊಗ್ಗದ ಹತ್ತಿರ ಮಾಚೇನಹಳ್ಳಿ ಕಡೆಯ ಒಂದು ಎರಕದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತೇನೆ. 2012ರಲ್ಲಿ ಸೇರಿದ ತಿಂಗಳಿಂದಲೇ ಪಿಎಫ್, ಅಂದರೆ ಭವಿಷ್ಯ ನಿಧಿ, ಕಟ್ ಆಗುತ್ತಿದೆ. ಜೊತೆಗೆ ಸುಮಾರು ವರ್ಷ ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆಯಾದ ಇಎಸ್‌ಐ ಇತ್ತು, ಸಂಬಳ ಏರಿದ ಮೇಲೆ ಅದು ಹೋಗಿ ಕಂಪನಿಯ ಗ್ರೂಪ್ ಇನ್ಶೂರೆನ್ಸ್ ಬಂತು. ಮೂರನ್ನೂ ಬಳಸಿದ್ದೇನೆ, ಹಾಗಾಗಿ ಮೂರರ ಬಗ್ಗೆಯೂ ಬರೆಯುತ್ತೇನೆ. ನನ್ನ ತೀರ್ಮಾನ ಮೊದಲೇ ಹೇಳಿಬಿಡುತ್ತೇನೆ: ವಯಸ್ಸಾದ ಕಾಲಕ್ಕೆ ದುಡ್ಡು ಕೂಡಿಡಲು ಪಿಎಫ್ ಗಟ್ಟಿ, ಆದರೆ ಕಂಪನಿಯ ಆರೋಗ್ಯ ವಿಮೆ ನೌಕರಿಯ ಜೊತೆಗೇ ಮುಗಿಯುತ್ತದೆ, ಅದೂ ಅದು ಅತಿ ಹೆಚ್ಚು ಬೇಕಾಗುವ ವಯಸ್ಸಿನಲ್ಲಿ.

ಪಿಎಫ್‌ಗೆ ಐದಕ್ಕೆ ನಾಲ್ಕು ಸ್ಟಾರ್. ಬೇಸಿಕ್ ಸಂಬಳ 15,000 ಅಂತ ಇಟ್ಟುಕೊಳ್ಳಿ. ನಮ್ಮಿಂದ ಶೇ. 12, ಅಂದರೆ 1,800 ರೂಪಾಯಿ ಹೋಗುತ್ತದೆ. ಕಂಪನಿಯೂ 1,800 ಹಾಕುತ್ತದೆ, ಆದರೆ ಅದರಲ್ಲಿ 1,250 ಪಿಂಚಣಿ ಖಾತೆಗೆ ಹೋಗಿ 550 ಮಾತ್ರ ಪಿಎಫ್‌ಗೆ ಬರುತ್ತದೆ. ಪಾಸ್‌ಬುಕ್ ತೆಗೆದಾಗ ಕಂಪನಿ ಪಾಲು ಯಾಕೆ ಇಷ್ಟು ಕಡಿಮೆ ಅಂತ ಹೊಸ ಹುಡುಗರು ಜಗಳಕ್ಕೇ ಬರುತ್ತಾರೆ, ಕಾರಣ ಇಷ್ಟೇ. ಬಡ್ಡಿ 2021–22ರಲ್ಲಿ ಶೇ. 8.1ಕ್ಕೆ ಇಳಿದಿತ್ತು, 2023–24 ಮತ್ತು 2024–25ಕ್ಕೆ 8.25 ಕೊಟ್ಟರು. ಬ್ಯಾಂಕಿನ ಎಫ್‌ಡಿ ಜೊತೆ ಹೋಲಿಸಿ ನೋಡಿ, ಇಷ್ಟು ವರ್ಷ ಇಷ್ಟು ಸ್ಥಿರವಾಗಿ ಕೊಡುವ ಬೇರೆ ಯಾವುದೂ ನಮ್ಮಂಥವರ ಕೈಗೆ ಸುಲಭವಾಗಿ ಸಿಗುವುದಿಲ್ಲ. ಅಡಿಕೆ ರೇಟು ಏರಿದ ವರ್ಷ ಮನೆಯಲ್ಲಿ ದುಡ್ಡು ಓಡಾಡುತ್ತದೆ, ಕೊಳೆರೋಗ ಬಂದ ವರ್ಷ ಇರುವುದಿಲ್ಲ. ಪಿಎಫ್ ಮಾತ್ರ ಎರಡೂ ವರ್ಷ ಒಂದೇ ಥರ ಬೆಳೆಯಿತು.

ಒಂದು ಸ್ಟಾರ್ ಕಳೆದದ್ದು ಹೆಸರಿನ ತಾಪತ್ರಯಕ್ಕೆ. ನಮ್ಮ ಕಡೆ ಹೆಸರಿನ ಜೊತೆ ಊರಿನದೋ ಅಪ್ಪನದೋ ಇನಿಷಿಯಲ್ ಇದ್ದೇ ಇರುತ್ತದೆ ಅಲ್ವಾ? ನನ್ನ ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ ಇದೆ, ಪ್ಯಾನ್‌ನಲ್ಲಿ ಅದನ್ನೇ ಬಿಡಿಸಿ ಅಪ್ಪನ ಪೂರ್ತಿ ಹೆಸರು ಹಾಕಿದ್ದಾರೆ, ಪಿಎಫ್‌ನಲ್ಲಿ ಇನಿಷಿಯಲ್ ಮುಂದೆ, ನಡುವೆ ಒಂದು ಚುಕ್ಕಿ. ಆ ಚುಕ್ಕಿಗೆ ಮನೆ ರಿಪೇರಿಗೆ ಪಿಎಫ್‌ನಿಂದ ದುಡ್ಡು ತೆಗೆಯಲು ಹಾಕಿದ ಅಡ್ವಾನ್ಸ್ ಕ್ಲೇಮ್ ರಿಜೆಕ್ಟ್ ಆಯಿತು. 2017ರ ಅಕ್ಟೋಬರ್ 1ರಿಂದ ಈಚೆಗೆ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಪಡೆದು ಆಧಾರ್ ಜೋಡಿಸಿಕೊಂಡವರು ಹೆಸರು, ಹುಟ್ಟಿದ ದಿನಾಂಕ ಎಲ್ಲ ತಾವೇ ಆನ್‌ಲೈನ್‌ನಲ್ಲಿ ಸರಿಮಾಡಿಕೊಳ್ಳಬಹುದು ಅಂತ 2025ರ ಜನವರಿಯಲ್ಲಿ ನಿಯಮ ಸಡಿಲ ಮಾಡಿದರು. ನಮ್ಮಂಥ ಹಳಬರದ್ದು ಈಗಲೂ ಕಂಪನಿ ಮೂಲಕವೇ ಹೋಗಬೇಕು. ದಯವಿಟ್ಟು ದುಡ್ಡು ಬೇಕಾಗುವ ಮೊದಲೇ ಈ ಕೆಲಸ ಮುಗಿಸಿ. ಹೆಸರು ಸರಿಯಾದ ಮೇಲೆ ನಾನು ಹಾಕಿದ ಕ್ಲೇಮ್ ಯಾರನ್ನೂ ಕೇಳದೆ, ಯಾವ ಕಚೇರಿಗೂ ಹೋಗದೆ ಬ್ಯಾಂಕಿಗೆ ಬಂದು ಬಿತ್ತು. ಈಗ ಅಡ್ವಾನ್ಸ್ ಕ್ಲೇಮ್‌ಗಳು 5 ಲಕ್ಷದವರೆಗೆ ಆಟೋ ಸೆಟಲ್‌ಮೆಂಟ್‌ನಲ್ಲೇ, ಅಂದರೆ ಕಂಪ್ಯೂಟರ್ ಪರಿಶೀಲನೆಯಲ್ಲೇ ಹೋಗುತ್ತವೆ, ಮೊದಲು 1 ಲಕ್ಷಕ್ಕೆ ಮಿತಿ ಇತ್ತು.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ಪಿಎಫ್ ಜೊತೆ ಇಡಿಎಲ್‌ಐ ಅಂತ ಒಂದು ವಿಮೆ ಇದೆ. ನೌಕರಿಯಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ಸಿಗುತ್ತದೆ, ಅದಕ್ಕೆ ನಮ್ಮ ಸಂಬಳದಿಂದ ಒಂದು ಪೈಸೆಯೂ ಕಟ್ ಆಗುವುದಿಲ್ಲ. ನಮ್ಮ ಮೋಲ್ಡಿಂಗ್ ವಿಭಾಗದ ಒಬ್ಬರು ಹೋದಾಗ ಅವರ ಹೆಂಡತಿಗೆ ಈ ದುಡ್ಡಿನ ವಿಷಯ ಗೊತ್ತೇ ಇರಲಿಲ್ಲ. ನಾಮಿನಿ ಜಾಗದಲ್ಲಿ ಮದುವೆಗೆ ಮುಂಚೆ ಬರೆಸಿದ್ದ ಅಮ್ಮನ ಹೆಸರೇ ಇತ್ತು. ಆ ಅಕ್ಕ ಮಗುವನ್ನು ಎತ್ತಿಕೊಂಡು ಕಾಗದಪತ್ರಕ್ಕೆ ಓಡಾಡಿದ್ದು ನೋಡಿದ ಮೇಲೆ ನಾನು ಊಟದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಇ-ನಾಮಿನೇಷನ್ ಮಾಡಿಸುತ್ತಿದ್ದೇನೆ. ಆಧಾರ್ ಓಟಿಪಿ, ಒಂದು ಫೋಟೋ, ಮುಗಿಯಿತು. ಮದುವೆಯಾದವರು ಇವತ್ತೇ ನೋಡಿ.

ಪಿಂಚಣಿ ಭಾಗಕ್ಕೆ ಎರಡು ಸ್ಟಾರ್, ಅದಕ್ಕಿಂತ ಜಾಸ್ತಿ ಕೊಡಲು ಮನಸ್ಸಿಲ್ಲ. ಲೆಕ್ಕ ಸರಳ: ಪಿಂಚಣಿಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. 15,000ದ ಮಿತಿಯಲ್ಲಿ 25 ವರ್ಷ ದುಡಿದವರಿಗೆ ತಿಂಗಳಿಗೆ ಸುಮಾರು 5,357 ರೂಪಾಯಿ. ಆ ಮಿತಿ 2014ರ ಸೆಪ್ಟೆಂಬರ್‌ನಲ್ಲಿ 6,500ರಿಂದ 15,000ಕ್ಕೆ ಏರಿದ್ದು. ಕನಿಷ್ಠ ಪಿಂಚಣಿಯನ್ನು 1,000 ಮಾಡಿದ್ದೂ ಅದೇ ವರ್ಷ. ಸಾವಿರ ರೂಪಾಯಿಗೆ ಬಿಪಿ, ಶುಗರ್ ಮಾತ್ರೆಯೇ ಬರುವುದಿಲ್ಲ. ಅದನ್ನು 7,500 ಮಾಡಿ ಅಂತ ಪಿಂಚಣಿದಾರರು ಕೇಳುತ್ತಲೇ ಇದ್ದಾರೆ, ನ್ಯಾಯವಾದ ಬೇಡಿಕೆ. ಈ ಪಿಂಚಣಿ ನಂಬಿಕೊಂಡು ಯಾರೂ ಕೂರಬೇಡಿ.

ಈಗ ಇಎಸ್‌ಐ. ಇದನ್ನು ಜನ ಸುಮ್ನೆ ಬೈಯುತ್ತಾರೆ. ಡಿಸ್ಪೆನ್ಸರಿಯಲ್ಲಿ ಕಾಯಬೇಕು, ರೆಫರಲ್ ಚೀಟಿ ಇಲ್ಲದೆ ದೊಡ್ಡ ಆಸ್ಪತ್ರೆಗೆ ಹೋಗುವ ಹಾಗಿಲ್ಲ, ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಗಳಿಗೆ ಎಷ್ಟೋ ಸಲ ಬೆಂಗಳೂರಿನ ದಾರಿ ಹಿಡಿಯಬೇಕು, ಇದೆಲ್ಲ ನಿಜ. ಆದರೂ 20,000 ಸಂಬಳಕ್ಕೆ ನಮ್ಮಿಂದ ಹೋಗುವುದು ಶೇ. 0.75, ಅಂದರೆ 150 ರೂಪಾಯಿ. ಕಂಪನಿ 3.25 ಕೊಡುತ್ತದೆ. ಅಷ್ಟಕ್ಕೆ ಗಂಡ, ಹೆಂಡತಿ, ಮಕ್ಕಳು, ನಮ್ಮನ್ನೇ ನಂಬಿಕೊಂಡಿರುವ ಅಪ್ಪ ಅಮ್ಮ ಎಲ್ಲರಿಗೂ ಚಿಕಿತ್ಸೆ. ಹಳೆ ಕಾಯಿಲೆಗೆ ಇಷ್ಟು ವರ್ಷ ಕಾಯಿರಿ ಅಂತ ಯಾರೂ ಹೇಳುವುದಿಲ್ಲ. ಕಾಯಿಲೆ ಬಿದ್ದು ಕೆಲಸಕ್ಕೆ ಹೋಗಲಾಗದಿದ್ದರೆ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ. 70 ಸಿಗುತ್ತದೆ. ನನ್ನ ತಂಗಿ ಗಾರ್ಮೆಂಟ್ಸ್‌ನಲ್ಲಿದ್ದಾಳೆ, ಅವಳ ಬಾಣಂತನಕ್ಕೆ 26 ವಾರದ ಪೂರ್ತಿ ಸಂಬಳ ಬಂತು. ಮಗುವಿನ ತೊಟ್ಟಿಲಿನಿಂದ ಹಿಡಿದು ತಿರುಗಿ ಕೆಲಸಕ್ಕೆ ಹೋಗುವವರೆಗೂ ಅವಳು ಯಾರ ಮುಂದೆಯೂ ಕೈಚಾಚಲಿಲ್ಲ. ನನಗೆ ಇಎಸ್‌ಐ ನಾಲ್ಕು ಸ್ಟಾರಿನ ವ್ಯವಸ್ಥೆ.

ತೊಂದರೆ ಇರುವುದು 21,000ದ ಗೆರೆಯಲ್ಲಿ, ತಿಂಗಳ ಸಂಬಳ ಅದನ್ನು ದಾಟಿದವರಿಗೆ ಇಎಸ್‌ಐ ಇಲ್ಲ. 2017ರ ಜನವರಿಯಿಂದ ಆ ಮಿತಿ ಅಲ್ಲೇ ನಿಂತಿದೆ, ಸಂಬಳ ಮಾತ್ರ ವರ್ಷಕ್ಕಿಷ್ಟು ಏರುತ್ತದೆ. ಐನೂರು ರೂಪಾಯಿ ಇನ್‌ಕ್ರಿಮೆಂಟ್ ಬಂದು ಗೆರೆ ದಾಟಿದರೆ ಆ ಅರ್ಧ ವರ್ಷದ ಅವಧಿ ಮುಗಿಯುವವರೆಗೆ ಕಟ್ ಆಗುತ್ತದೆ, ಆಮೇಲೆ ಹೊರಗೆ. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಎಚ್‌ಆರ್ ಮುಂದೆ ನಿಂತು, "ಎಂತ ಮಾರಾಯ್ರೆ, ಸಂಬಳ ಏರಿಸ್ಬೇಡಿ, ನನ್ನ ಹೆಂಡತಿಗೆ ಡಯಾಲಿಸಿಸ್ ನಡೀತಾ ಇದೆ" ಅಂತ ಕೇಳಿಕೊಂಡಿದ್ದನ್ನು ನಾನೇ ಕಂಡಿದ್ದೇನೆ. ಸಂಬಳ ಏರಿದ್ದಕ್ಕೆ ಮನುಷ್ಯ ಅಳುವ ಪರಿಸ್ಥಿತಿ ಬರಬಾರದು. ಈ ಮಿತಿಯನ್ನು ಏರಿಸಲೇಬೇಕು.

ಗೆರೆ ದಾಟಿದವರಿಗೆ ನಮ್ಮಲ್ಲಿ ಸಿಕ್ಕಿದ್ದು 3 ಲಕ್ಷದ ಗ್ರೂಪ್ ಪಾಲಿಸಿ. ಮೊದಲ ವರ್ಷ ಅತ್ತೆ ಮಾವನೂ ಕಂಪನಿ ಖರ್ಚಿನಲ್ಲೇ ಸೇರಿದ್ದರು, ಆಮೇಲೆ ಅವರ ಪ್ರೀಮಿಯಂ ನಮ್ಮ ಸಂಬಳದಿಂದ ಕಟ್ ಮಾಡತೊಡಗಿದರು. ಬೇರೆ ಕಂಪನಿಯಲ್ಲಿರುವ ಗೆಳತಿಯರೂ ಇದನ್ನೇ ಹೇಳುತ್ತಾರೆ. ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ತೋಟದಲ್ಲಿ ಮಾವ ಪಾಚಿಗೆ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಶಿವಮೊಗ್ಗದ ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಪಾಲಿಸಿಯಲ್ಲಿ ರೂಮಿಗೆ ದಿನಕ್ಕೆ ಪಾಲಿಸಿ ಮೊತ್ತದ ಶೇ. 1, ಅಂದರೆ 3,000ದ ಮಿತಿ. ಅವತ್ತು ಖಾಲಿ ಇದ್ದದ್ದು 4,500ರ ರೂಮ್ ಮಾತ್ರ. ಹೆಚ್ಚಿನ 1,500 ನಾವು ಕೊಟ್ಟರಾಯಿತು ಅಂದುಕೊಳ್ಳುತ್ತೀರಿ ಅಲ್ವಾ? ಹಾಗಲ್ಲ. ರೂಮಿನ ಬಾಡಿಗೆಯಲ್ಲಿ ಎಷ್ಟು ಪಾಲು ಮಿತಿ ದಾಟಿತೋ ಅದೇ ಪ್ರಮಾಣದಲ್ಲಿ ಡಾಕ್ಟರ್ ಫೀಸ್, ಥಿಯೇಟರ್ ಚಾರ್ಜ್, ನರ್ಸಿಂಗ್ ಎಲ್ಲದರಲ್ಲೂ ಮೂರರಲ್ಲಿ ಒಂದು ಪಾಲು ಕತ್ತರಿಸುತ್ತಾರೆ. ನಮ್ಮ ಕೇಸಿನಲ್ಲಿ ಸೊಂಟಕ್ಕೆ ಹಾಕಿದ ಇಂಪ್ಲಾಂಟ್ ಮೇಲೂ ಕತ್ತರಿ ಬಿದ್ದಿತ್ತು. ಔಷಧಿ, ಇಂಪ್ಲಾಂಟ್, ಸ್ಕ್ಯಾನಿಂಗ್ ಮೇಲೆ ಈ ಥರ ಕಡಿತ ಮಾಡುವ ಹಾಗಿಲ್ಲ ಅಂತ ವಿಮಾ ನಿಯಂತ್ರಕರು 2020ರಲ್ಲೇ ಹೇಳಿದ್ದಾರೆ. ಬಿಲ್ಲಿನ ಪ್ರತಿ ಸಾಲಿಗೆ ಪೆನ್ನಿನಲ್ಲಿ ಗುರುತು ಹಾಕಿ ಆ ನಿಯಮ ಬರೆದು ಮೇಲ್ ಕಳಿಸಿದೆ. ಇಂಪ್ಲಾಂಟಿನ ದುಡ್ಡು ವಾಪಸ್ ಬಂತು, ಉಳಿದದ್ದು ಬರಲಿಲ್ಲ. ಗ್ರೂಪ್ ಪಾಲಿಸಿಗೆ ಮೂರು ಸ್ಟಾರ್. ಕ್ಯಾಶ್‌ಲೆಸ್ ಸಿಕ್ಕಿದ್ದರಿಂದ ಅವತ್ತು ರಾತ್ರಿ ಒಡವೆ ಅಡ ಇಡುವ ಗತಿ ಬರಲಿಲ್ಲ, ಅದನ್ನು ಮರೆಯುವುದಿಲ್ಲ.

ಆದರೆ ಈ ಕಾರ್ಡ್ ನಾನು ರಾಜೀನಾಮೆ ಕೊಟ್ಟ ದಿನ, ಇಲ್ಲವೇ 58 ತುಂಬಿದ ದಿನ ನಿಂತುಹೋಗುತ್ತದೆ. ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ಅವಕಾಶ ಇದೆ, ಒಪ್ಪುವುದು ಬಿಡುವುದು ಅವರ ಪರಿಶೀಲನೆಗೆ ಬಿಟ್ಟದ್ದು. ಹೊಸದಾಗಿ ತೆಗೆದುಕೊಂಡರೆ ಹಳೆ ಕಾಯಿಲೆಗಳಿಗೆ 3 ವರ್ಷದವರೆಗೆ ಕಾಯಬೇಕಾಗಬಹುದು. ಅದಕ್ಕೇ ನಮ್ಮಿಬ್ಬರ ಹೆಸರಲ್ಲಿ ಈಗಲೇ ಒಂದು ಪಾಲಿಸಿ ಮಾಡಿಸಿದ್ದೇವೆ, ಕೈಯಲ್ಲಿ ನೌಕರಿ ಇರುವಾಗಲೇ ಆ ಕಾಯುವ ಅವಧಿ ಕಳೆದುಹೋಗಲಿ ಅಂತ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿದ್ದ ಶೇ. 18 ಜಿಎಸ್‌ಟಿ ತೆಗೆದಿದ್ದಾರೆ. ಊರಲ್ಲಿ ಸಹಕಾರ ಸಂಘದ ಸದಸ್ಯತ್ವ ಇದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಬರೆಸಬಹುದೇ ಅಂತ ಸೊಸೈಟಿಯಲ್ಲಿ ವಿಚಾರಿಸಿ, ನೋಂದಣಿಗೆ ದಿನಾಂಕ ಇರುತ್ತದೆ.

2025ರ ನವೆಂಬರ್ 21ಕ್ಕೆ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 40 ದಾಟಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ, ಇಂತಿಷ್ಟೇ ಅವಧಿ ಅಂತ ಒಪ್ಪಂದದ ಮೇಲೆ ಸೇರಿದವರಿಗೆ ಒಂದೇ ವರ್ಷಕ್ಕೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟು), ಇವೆರಡೂ ನನಗೆ ತುಂಬಾ ಇಷ್ಟವಾದವು. ಫರ್ನೇಸ್ ಮುಂದೆ ಹೊಗೆ ಕುಡಿಯುವ ನಮ್ಮ ಜನರಿಗೆ ಆ ತಪಾಸಣೆ ಬೇಕೇ ಬೇಕು, ನಿಮ್ಮ ಕಂಪನಿಯಲ್ಲೂ ಕೇಳಿ ಪಡೆಯಿರಿ.

ಇಎಸ್‌ಐನಲ್ಲಿ ಇದ್ದುಕೊಂಡೇ ನಿವೃತ್ತರಾಗುವವರಿಗೆ ಕೊನೆಯದಾಗಿ ಒಂದು ಮಾತು. ಕನಿಷ್ಠ 5 ವರ್ಷ ಇಎಸ್‌ಐನಲ್ಲಿದ್ದು ವಯಸ್ಸಾಗಿ ನಿವೃತ್ತರಾದರೆ ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ನಮ್ಮ ಕಾರ್ಖಾನೆಯಿಂದ ಬೀಳ್ಕೊಟ್ಟ ಎಷ್ಟೋ ಜನಕ್ಕೆ ಇದು ಗೊತ್ತಿರಲಿಲ್ಲ. ಶಾಲು ಹೊದಿಸಿಕೊಂಡು ಮನೆಗೆ ಹೋಗುವ ಮೊದಲು ಎಚ್‌ಆರ್ ಹತ್ತಿರ ನಿವೃತ್ತಿಯ ದಾಖಲೆ ಬರೆಸಿಕೊಂಡು ಇಎಸ್‌ಐ ಕಚೇರಿಗೆ ಕೊಡಿ.