ಇಲಿಯ ಮಿದುಳಿನ ರಕ್ತ ಹರಿವು ಅಳೆಯಲು ಡಾಪ್ಲರ್, ಟು-ಫೋಟಾನ್, ಸ್ಪೆಕಲ್: ನನ್ನ ಓಟು ಯಾವುದಕ್ಕೆ?

ಮಿದುಳಿನ ರಕ್ತ ಹರಿವನ್ನು ಬೆಳಕಿನಿಂದ ಅಳೆಯುವ ಈ ಮೂರು ವಿಧಾನಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೇಸರ್ ಸ್ಪೆಕಲ್‌ಗೆ. ನಮ್ಮ ಲ್ಯಾಬ್‌ನಲ್ಲಿ ಆಲ್ಝೈಮರ್ ಮಾದರಿಯ, ಅಂದರೆ ಆ ಮರೆವಿನ ಕಾಯಿಲೆಯ ಲಕ್ಷಣ ತೋರುವ ಇಲಿಗಳಿವೆ. ಇಲಿಯ ಮೀಸೆ ಅಲುಗಿಸಿದರೆ ಅದನ್ನು ಗಮನಿಸುವ ಮಿದುಳಿನ ಭಾಗಕ್ಕೆ ರಕ್ತ ಜಾಸ್ತಿ ಹರಿಯಬೇಕು. ಈ ಇಲಿಗಳಲ್ಲಿ ಆ ಏರಿಕೆ ಕುಗ್ಗುತ್ತದೆ. ಯಾವ ವಯಸ್ಸಿನಿಂದ, ಎಷ್ಟು ಅನ್ನುವುದೇ ನಮ್ಮ ಪ್ರಶ್ನೆ.

ನಾವು ಮೊದಲು ಕೊಂಡಿದ್ದು ಲೇಸರ್ ಡಾಪ್ಲರ್. ಲೇಸರ್ ಬೆಳಕು ಬಿಡುವ ಪ್ರೋಬ್ (ಸಣ್ಣ ಕಡ್ಡಿ) ಇಟ್ಟರೆ ಸಂಖ್ಯೆ ಬರುತ್ತದೆ, ಅಷ್ಟು ಸರಳ. ಆಲ್ಝೈಮರ್‌ನಲ್ಲಿ ಮಿದುಳಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ಜಾಸ್ತಿ ಇರುವ ಇಲಿಗಳಲ್ಲಿ ಮೀಸೆಯ ಪ್ರತಿಕ್ರಿಯೆ ಕುಗ್ಗುವುದನ್ನು ಸಂಶೋಧಕ ಇಯಾಡೆಕೋಲಾ ಅವರ ತಂಡ 2000ದಲ್ಲಿ ಇದರಲ್ಲೇ ತೋರಿಸಿತ್ತು. ಆದರೆ ಇದು ಅಳೆಯುವುದು ಪ್ರೋಬ್ ಕೆಳಗಿನ ಒಂದು ಚೂರು ಜಾಗವನ್ನು ಮಾತ್ರ. ಸ್ವಲ್ಪ ಸರಿದು ದೊಡ್ಡ ರಕ್ತನಾಳದ ಮೇಲೆ ಕೂತರೆ ಸಂಖ್ಯೆಯೇ ಬೇರೆ. ಮುಂದಿನ ವಾರ ಅದೇ ಜಾಗ ಸಿಗಬೇಕಲ್ಲ? ಈಗ ಅದು ಕಪಾಟಿನಲ್ಲಿದೆ.

ಟು-ಫೋಟಾನ್ ಮೈಕ್ರೋಸ್ಕೋಪ್ ಇನ್ನೊಂದು ಸಂಸ್ಥೆಯಲ್ಲಿ ಸ್ಲಾಟ್ ಬುಕ್ ಮಾಡಿ ಬಳಸಿದ್ದು. ಅದರ ಚಿತ್ರ ನೋಡಿದರೆ ಬೇರೇನೂ ಬೇಡ ಅನಿಸುತ್ತದೆ. ಪ್ಲಾಸ್ಮಾಗೆ ಹೊಳೆಯುವ ಡೈ ಸೇರಿಸಿದರೆ ಕೆಂಪು ರಕ್ತಕಣಗಳು ಕಪ್ಪು ನೆರಳುಗಳಾಗಿ ಒಂದರ ಹಿಂದೊಂದು ಸಾಗುವುದು ಕಾಣುತ್ತದೆ. ಆಲ್ಝೈಮರ್ ಇಲಿಗಳಲ್ಲಿ ಸುಮಾರು 2% ಲೋಮನಾಳಗಳು (ಅತಿ ಸಣ್ಣ ರಕ್ತನಾಳಗಳು) ಕಟ್ಟಿಕೊಂಡಿರುತ್ತವೆ, ಕಟ್ಟಿಸುವುದು ಅಂಟಿಕೂತ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಕಂಡುಕೊಂಡಿದ್ದು ಇಂಥ ಚಿತ್ರಗಳಿಂದಲೇ. ಆದರೆ ಯಂತ್ರ ಕೋಟಿಗಳ ಬಾಬತ್ತು. ಇಲಿಯನ್ನು ಅಲ್ಲಿಗೆ ಒಯ್ಯಲು ಅನುಮತಿ ಪತ್ರಗಳು ಬೇಕು. ಪ್ರಯಾಣದಲ್ಲಿ ಗಾಬರಿಯಾದ ಇಲಿ ಸುಧಾರಿಸಿಕೊಳ್ಳುವಷ್ಟರಲ್ಲಿ ನಮ್ಮ ಸ್ಲಾಟ್ ಮುಗಿದಿರುತ್ತದೆ.

ಸ್ಪೆಕಲ್‌ಗೆ ಬೇಕಾಗಿದ್ದು 785 ನ್ಯಾನೋಮೀಟರ್ ಲೇಸರ್ ಡಯೋಡ್, ಒಂದು ಕ್ಯಾಮೆರಾ, ಒಂದು ಲೆನ್ಸ್. ಲೇಸರ್ ಬಿದ್ದ ಕಡೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ರಕ್ತ ಓಡುವ ಕಡೆ ಆ ಚುಕ್ಕೆಗಳು ಕಲಸಿಹೋಗುತ್ತವೆ. ಚುಕ್ಕೆಗಳ ಕಾಂಟ್ರಾಸ್ಟ್ ಇಳಿದಷ್ಟೂ ಹರಿವು ಜಾಸ್ತಿ ಎಂದು ಅರ್ಥ. 1981ರಲ್ಲಿ ಫರ್ಷರ್ ಮತ್ತು ಬ್ರೈಯರ್ಸ್ ಮುಂದಿಟ್ಟ ಉಪಾಯ ಇದು. 2001ರಲ್ಲಿ ಆಂಡ್ರ್ಯೂ ಡನ್ ಮತ್ತು ಸಂಗಡಿಗರು ಇದನ್ನು ಮಿದುಳಿಗೆ ತಂದರು.

ಕಾಟ ಕೊಟ್ಟಿದ್ದು ಡಯೋಡ್. ಅಗ್ಗಕ್ಕೆ ಸಿಕ್ಕಿತು, ತಾಪವನ್ನು ಒಂದೇ ಮಟ್ಟದಲ್ಲಿ ಇಡುವ ವ್ಯವಸ್ಥೆ ಅದರಲ್ಲಿರಲಿಲ್ಲ. ಇಲಿಯನ್ನು ಯಾರೂ ಮುಟ್ಟದಿದ್ದರೂ ಇದ್ದಕ್ಕಿದ್ದಂತೆ ಹರಿವು ಏರಿದ ಹಾಗೆ ತೋರಿಸುತ್ತಿತ್ತು. ರಕ್ತನಾಳದಲ್ಲಿ ಮಾತ್ರ ಅಲ್ಲ, ಮೂಳೆಯಲ್ಲಿ, ಸುತ್ತ ಮೆತ್ತಿದ ಡೆಂಟಲ್ ಸಿಮೆಂಟಿನಲ್ಲಿ ಕೂಡ. ಸಿಮೆಂಟಿನಲ್ಲಿ ಎಲ್ಲಿಯ ರಕ್ತ?

ಅರಿವಳಿಕೆಯ ಪ್ರಮಾಣ ಬದಲಿಸಿದೆವು. ಟೇಬಲ್ ಕೆಳಗೆ ರಬ್ಬರ್ ಇಟ್ಟೆವು. ಉಸಿರಾಟದ ಅಲುಗಾಟ ಇರಬಹುದೆಂದು ಇಲಿಯ ತಲೆ ಇನ್ನೂ ಬಿಗಿಯಾಗಿ ಹಿಡಿಸಿದೆವು. ಏನೂ ಆಗಲಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬರು ಗಮನಿಸಿದರು: ಏಸಿಯ ಕಂಪ್ರೆಸರ್ ಶುರುವಾದ ಸ್ವಲ್ಪ ಹೊತ್ತಿಗೆ ಗ್ರಾಫ್ ಏರುತ್ತದೆ.

ಡಯೋಡ್‌ನ ತಾಪ ಚೂರು ಬದಲಾದರೂ ಅದರ ಬೆಳಕು ಒಂದು ತರಂಗಾಂತರದಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಮೋಡ್ ಹಾಪಿಂಗ್ ಅನ್ನುತ್ತಾರೆ. ಜಿಗಿಯುವ ಹೊತ್ತಿನಲ್ಲಿ ಎರಡು ಮೂರು ತರಂಗಾಂತರ ಬೆರೆತರೆ ಚುಕ್ಕೆಗಳ ಕಾಂಟ್ರಾಸ್ಟ್ ಬೀಳುತ್ತದೆ. ಪ್ರೋಗ್ರಾಂಗೆ ಅದೂ ಒಂದೇ, ಓಡುವ ರಕ್ತವೂ ಒಂದೇ. ನಾವು ಹುಡುಕುತ್ತಿದ್ದ ಏರಿಕೆಯೂ ಹೆಚ್ಚುಕಮ್ಮಿ ಅಷ್ಟೇ ದೊಡ್ಡದು. ಮಾರಿದವರನ್ನು ಕೇಳಿದರೆ 'ಎಲ್ಲಾ ಸ್ಪೆಕ್ ಒಳಗೇ ಇದೆ ಸರ್' ಅಂದರು, ವಾಪಸ್ ತಗೊಳ್ಳಲಿಲ್ಲ. ತರಂಗಾಂತರ ಲಾಕ್ ಆಗಿರುವ, ತಾಪ ನಿಯಂತ್ರಣ ಇರುವ ಡಯೋಡ್ ಕೊಂಡ ಮೇಲೆ ಈ ರಗಳೆ ಮುಗಿಯಿತು. ಈಗ ಇಲಿ ತರುವ ಮೊದಲು ಅಲುಗದ, ರಕ್ತವಿಲ್ಲದ ಟೆಫ್ಲಾನ್ ತುಂಡು ಇಟ್ಟು ರೆಕಾರ್ಡ್ ಮಾಡುತ್ತೇವೆ. ಗೆರೆ ನೇರವಾಗಿದ್ದರೆ ಮಾತ್ರ ಮುಂದಿನ ಕೆಲಸ.

ಇನ್ನು ಸಣ್ಣಪುಟ್ಟವು. ಸ್ಪೆಕಲ್‌ಗೆ ಕಾಣುವುದು ಮಿದುಳಿನ ಮೇಲ್ಪದರ ಮಾತ್ರ. ಅಲುಗದ ಮೂಳೆಯ ಚುಕ್ಕೆಗಳು ಲೆಕ್ಕ ಕೆಡಿಸುತ್ತವೆ, ಹಾಗಾಗಿ ಬುರುಡೆ ತೆಳು ಮಾಡಬೇಕು. ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ (ಕ್ಯಾಮೆರಾ ಬೆಳಕು ಹಿಡಿಯುವ ಅವಧಿಗಳಲ್ಲಿ) ಚಿತ್ರ ತೆಗೆದು ಇದನ್ನು ಸರಿಪಡಿಸುವ ವಿಧಾನ 2008ರಲ್ಲಿ ಬಂದಿದೆ. ನಾವಿನ್ನೂ ಅದಕ್ಕೆ ಕೈ ಹಾಕಿಲ್ಲ. ಐಸೋಫ್ಲೂರೇನ್ ಅರಿವಳಿಕೆ ತಾನೇ ರಕ್ತನಾಳ ಹಿಗ್ಗಿಸುತ್ತದೆ, ಅದು ಮೂರಕ್ಕೂ ಇರುವ ತಲೆನೋವು. ಸ್ಪೆಕಲ್‌ನಲ್ಲಿ ಸಿಗುವುದು ಶೇಕಡಾವಾರು ಬದಲಾವಣೆ ಅಷ್ಟೇ, ಮಿಲಿಲೀಟರ್ ಲೆಕ್ಕ ಅಲ್ಲ. ಮೀಸೆ ಅಲುಗಿಸುವ ಮೊದಲು ಮತ್ತು ನಂತರ ಎಂದು ನೋಡುವ ನಮಗೆ ಅಷ್ಟು ಸಾಕು.

ನನಗೆ ಪ್ರತಿ ವಾರ ಅದೇ ಇಲಿಯನ್ನು ನಮ್ಮದೇ ಕೋಣೆಯಲ್ಲಿ, ಯಾರ ಸ್ಲಾಟ್‌ಗೂ ಕಾಯದೆ ನೋಡುವ ಅಭ್ಯಾಸ. ಕೈಯಲ್ಲಿರುವ ಹಣವೂ ಅಷ್ಟಕ್ಕಷ್ಟೇ. ನಿಮ್ಮ ಪ್ರಶ್ನೆ ಒಂದೊಂದು ಲೋಮನಾಳದ್ದಾದರೆ ನನ್ನ ಮಾತು ಕೇಳಬೇಡಿ, ಟು-ಫೋಟಾನ್ ಸ್ಲಾಟ್‌ಗೆ ಅರ್ಜಿ ಹಾಕಿ. ಸ್ಪೆಕಲ್ ಕಟ್ಟುವುದಾದರೆ ಕ್ಯಾಮೆರಾದಲ್ಲಿ ಹಣ ಉಳಿಸಿ, ಡಯೋಡ್‌ನಲ್ಲಿ ಬೇಡ. 8 ಬಿಟ್ ಕ್ಯಾಮೆರಾ ನಮಗೆ ಸಾಕಾಗಿದೆ. ಚಿತ್ರದ ಹೊಳಪನ್ನು ತಾನೇ ಬದಲಿಸುವ ಅದರ ಆಟೋ ಗೇನ್, ಗಾಮಾ ಎರಡನ್ನೂ ಆಫ್ ಮಾಡಿ.